ನಡುರಾತ್ರಿ ಮಾಮನ ಒಂದು ದಿನದ ರಜೆ

ಕೇಳುಗರು ಇದ್ದಾರೋ ಇಲ್ಲವೋ ಎಂದು ತಿಳಿಯಲು ರೇಡಿಯೊ ಸ್ಟೇಷನ್ನಿನ ಡೈರೆಕ್ಟರು ಕಂಡುಕೊಂಡ ಉಪಾಯ ಬಹಳ ಸರಳವಾಗಿತ್ತು. ಒಂದು ರಾತ್ರಿ ಕಾರ್ಯಕ್ರಮವನ್ನೇ ಹಾಕದಿರುವುದು. ಹನ್ನೆರಡರಿಂದ ಎರಡು ಗಂಟೆಯವರೆಗೆ ರೇಡಿಯೊದಲ್ಲಿ ಬರೀ ಮೌನ. ಮರುದಿನ ಸಂಜೆ ಐದರೊಳಗೆ ಹತ್ತು ಜನ ಫೋನ್ ಮಾಡಿ, ನಮ್ಮ ಕಾರ್ಯಕ್ರಮ ಎಲ್ಲಿ ಎಂದು ಜಗಳ ತೆಗೆದರೆ 'ಎಚ್ಚರ ಇರುವವರಿಗೆ' ಎಂಬ ಆ ಕಾರ್ಯಕ್ರಮ ಉಳಿಯುತ್ತದೆ. ಇಲ್ಲವಾದರೆ ಆ ಎರಡು ಗಂಟೆ ಕೂದಲು ಉದುರುವವರಿಗೆ ಸಲಹೆ ಕೊಡುವ ಡಾಕ್ಟರ ಪಾಲಾಗುತ್ತದೆ.

"ನೀವು ಮನೇಲಿರಿ. ಫೋನ್ ಮಾಡಿ ಅಂತ ಯಾರಿಗೂ ಹೇಳ್ಕೊಡೋ ಹಾಗಿಲ್ಲ. ಹೇಳ್ಕೊಟ್ಟಿದ್ದು ನನ್ನ ಕಿವಿಗೆ ಬಿದ್ರೆ ಅವತ್ತೇ ಬಂದ್," ಎಂದು ಡೈರೆಕ್ಟರು ತಾಕೀತು ಮಾಡಿದ್ದರು.

ಹನ್ನೊಂದು ವರ್ಷಗಳಿಂದ ಆ ಕಾರ್ಯಕ್ರಮ ನಡೆಸಿಕೊಂಡು ಬಂದವನನ್ನು ಬೀದಿಯೆಲ್ಲ ನಡುರಾತ್ರಿ ಮಾಮ ಎಂದೇ ಕರೆಯುತ್ತಿತ್ತು. ಬೇರೆ ಯಾವ ಹೊತ್ತಿನಲ್ಲೂ ಯಾರೂ ಹಾಕಲು ಒಪ್ಪದ ಸಂಗೀತವೆಲ್ಲ ಮಾಮನ ಹತ್ತಿರ ಬಂದು ಸೇರುತ್ತಿತ್ತು. ಗರಗಸಕ್ಕೆ ಕಮಾನು ಎಳೆದು ನುಡಿಸುವ ಮುದುಕ, ಖಾಲಿ ನೀರಿನ ಟ್ಯಾಂಕಿನೊಳಗೆ ಕೂತು ಹಾಡುವ ಗೆಳೆಯರು, ಹೊಲಿಗೆ ಯಂತ್ರವನ್ನೇ ವಾದ್ಯ ಮಾಡಿಕೊಂಡ ಅಕ್ಕತಂಗಿಯರು, ಎಲ್ಲರಿಗೂ ಅಲ್ಲಿ ಜಾಗವಿತ್ತು. ಆ ಕಾರ್ಯಕ್ರಮ ಬಿಟ್ಟರೆ ಮಾಮನಿಗೆ ಬೇರೆ ಲೋಕವಿರಲಿಲ್ಲ. ಬೇರೆ ಕೆಲಸವೂ ಬರುವುದಿಲ್ಲ ಎಂಬುದು ಹೆಂಡತಿಯ ಅಭಿಪ್ರಾಯ.

ತನ್ನ ಹೊತ್ತಿನಲ್ಲಿ ತನ್ನ ಸ್ಟೇಷನ್ನು ಬಾಯಿ ಮುಚ್ಚಿಕೊಂಡಿರುವುದನ್ನು ಕೇಳುವ ಧೈರ್ಯ ಮಾಮನಿಗಿರಲಿಲ್ಲ. ಆ ರಾತ್ರಿ ರೇಡಿಯೊವನ್ನು ಕಂಬಳಿಯಲ್ಲಿ ಸುತ್ತಿ ಬೀರುವಿನೊಳಗಿಟ್ಟು ಮಲಗಿದ್ದ. ಬೆಳಗ್ಗೆ ಏಳುತ್ತಲೇ ಚಪ್ಪಲಿ ಮೆಟ್ಟಿದ.

"ಎಲ್ಲಿಗೆ? ಸುಮ್ನೆ ಮನೇಲಿ ಕೂತ್ಕೊಳ್ಳಿ. ಹೊರಗೆ ಹೋದ್ರೆ ಬಾಯಿ ಬಿಡ್ತೀರ," ಎಂದಳು ಹೆಂಡತಿ.

"ಬ್ರೆಡ್ ತರೋಕೆ."

"ಬ್ರೆಡ್ ಇದೆ."

"ಇನ್ನೊಂದು ಇರ್ಲಿ ಬಿಡು."

ಬೀದಿ ತುದಿಯ ಬೇಕರಿಯವನು ರಾತ್ರಿಯಿಡೀ ಹಿಟ್ಟು ನಾದುತ್ತ ರೇಡಿಯೊ ಕೇಳುವವನು. ಅವನಾದರೂ ಕೆಂಡಾಮಂಡಲವಾಗಿರುತ್ತಾನೆ ಎಂದು ಮಾಮ ಆಸೆ ಇಟ್ಟುಕೊಂಡಿದ್ದ. ಆದರೆ ಅವನ ಮುಖ ಆಗತಾನೇ ಒಲೆಯಿಂದ ತೆಗೆದ ಬನ್ನಿನ ಹಾಗೆ ಹೊಳೆಯುತ್ತಿತ್ತು.

"ರಾತ್ರಿ ಹೇಗಿತ್ತಪ್ಪ?" ಎಂದ ಮಾಮ, ಏನೂ ಗೊತ್ತಿಲ್ಲದವನ ಹಾಗೆ.

"ಮಾಮ, ಕಾರ್ಯಕ್ರಮ ಅಂದ್ರೆ ನಿನ್ನೆದು. ನಿಮ್ಮ ಮಾತಿಲ್ಲ, ಪೀಠಿಕೆಯಿಲ್ಲ. ನೇರವಾಗಿ ವಿಷಯಕ್ಕೇ ಬಂದ್ರಿ. ಆ ಲಯಕ್ಕೇ ನಾದಿದ್ದು ಈ ಹಿಟ್ಟು, ಮುಟ್ಟಿ ನೋಡಿ, ಹತ್ತಿ ಹಂಗಿದೆ."

ರಾತ್ರಿ ಏನೂ ಇರಲೇ ಇಲ್ಲ. ಅಂದರೆ ಈ ಮನುಷ್ಯ ಇಷ್ಟು ವರ್ಷವೂ ಕೇಳುತ್ತೇನೆ, ಕೇಳುತ್ತೇನೆ ಎಂದು ಬರೀ ಬೂಸಿ ಬಿಟ್ಟಿದ್ದಾನೆ.

"ಯಾವ ವಾದ್ಯ ಇತ್ತು ಹೇಳು ನೋಡೋಣ?"

"ಹೆಸರು ಗೊತ್ತಿಲ್ಲ. ಕಹಳೆ ಥರ ಏನೋ, ದಪ್ಪನೆಯ ಸ್ವರ. ಜೊತೆಗೆ ಕಿರ್ ಅಂತ ಒಂದು ತಂತಿ ವಾದ್ಯ."

ಕಣ್ಣಿಗೆ ಕಟ್ಟಿದ ಹಾಗೆ ಸುಳ್ಳು ಹೇಳುವವರನ್ನು ಕಂಡರೆ ಮಾಮನಿಗೆ ಆಗುತ್ತಿರಲಿಲ್ಲ. "ಸುಳ್ಳಿಗೂ ಒಂದು ಮಿತಿ ಬೇಡ್ವೇನಯ್ಯ," ಎಂದು ಹೇಳಿ, ಬ್ರೆಡ್ಡನ್ನೂ ಅಲ್ಲೇ ಬಿಟ್ಟು ಮನೆಯ ಕಡೆ ತಿರುಗಿದ. ಹಿಂದಿನಿಂದ ಬೇಕರಿಯವನು ಯಾರಿಗೋ, "ಪಾಪ, ನಿದ್ದೆಗೆಟ್ಟು ನಿದ್ದೆಗೆಟ್ಟು ಹೀಗಾಗಿದಾರೆ," ಎನ್ನುವುದು ಕೇಳಿಸಿತು.

ಮೆಟ್ಟಿಲಲ್ಲಿ ಮಹಡಿ ಮನೆಯ ಅಜ್ಜಿ ಎದುರಾದರು. ನಿದ್ದೆ ಬಾರದೆ ರಾತ್ರಿಯೆಲ್ಲ ಸ್ವೆಟರ್ ಹೆಣೆಯುತ್ತ ರೇಡಿಯೊ ಹಾಕಿಕೊಂಡಿರುವವರು. ಮಾಮನನ್ನು ಕಂಡದ್ದೇ ಅವರ ಕಣ್ಣು ತುಂಬಿ ಬಂತು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೋ. ನಿನ್ನೆ ನೀನು ಹಾಕಿದ್ದು ಕೇಳ್ತಾ ಕೇಳ್ತಾ ನಮ್ಮ ಯಜಮಾನ್ರು ಪಕ್ಕದಲ್ಲೇ ಇದ್ದ ಹಾಗಾಯ್ತು. ಅವರು ಹೋಗಿ ಒಂಬತ್ತು ವರ್ಷ ಆಯ್ತು, ನಿನ್ನೆ ಮೊದಲನೇ ಸಲ ಬೆಳಗಿನ ತನಕ ನಿದ್ದೆ ಮಾಡಿದೀನಿ."

ನಿದ್ದೆ ಮಾಡಿದವರು ಕೇಳಿದ್ದು ಯಾವಾಗ ಎಂದು ಮಾಮನಿಗೆ ರೇಗಿತು. "ಅಜ್ಜಿ, ನಿನ್ನೆ ನಿಮಗೆ ಏನೂ ಕೇಳಿಸಿರೋಕೆ ಸಾಧ್ಯ ಇಲ್ಲ. ಒಂದ್ಸಲ ಕಿವಿ ತೋರಿಸ್ಕೊಳ್ಳಿ."

ಅಜ್ಜಿಯ ಕಣ್ಣೀರು ಅಲ್ಲಿಗೇ ನಿಂತಿತು. "ನನ್ನ ಕಿವಿಗೇನಾಗಿದೆಯೋ? ನಿನ್ನ ಹೆಂಡ್ತಿ ನಿನ್ನೆ ಅವಳ ತಂಗಿ ಹತ್ರ ಫೋನಲ್ಲಿ ನಿನ್ನ ಬಗ್ಗೆ ಏನಂದ್ಲು, ಹೇಳ್ಲಾ? ನಿಮ್ಮ ಬಾಗಿಲು ಹಾಕಿತ್ತು, ನಮ್ಮ ಬಾಗಿಲೂ ಹಾಕಿತ್ತು, ಆದ್ರೂ ಕೇಳಿಸ್ತು."

ಅದನ್ನು ಕೇಳುವ ತ್ರಾಣ ಮಾಮನಿಗಿರಲಿಲ್ಲ. ಹತ್ತಿದ ಮೆಟ್ಟಿಲನ್ನೇ ದಡದಡನೆ ಇಳಿದು ಮತ್ತೆ ಬೀದಿಗೆ ಬಂದ. ಎರಡು ಮೂರು ಬೀದಿ ಸುಮ್ಮನೆ ಸುತ್ತಿ, ಪಾರ್ಕಿನ ಬೆಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತು, ಊಟವನ್ನೂ ಮರೆತ. ಮೂರು ಗಂಟೆ ಹೊಡೆದಾಗ ಅವನಿಗೆ ಉಳಿದಿದ್ದ ಕೊನೆಯ ಆಸೆ ಟ್ಯಾಕ್ಸಿ ಸ್ಟ್ಯಾಂಡು.

ಮಧ್ಯಾಹ್ನವೇ ಅಲ್ಲಿ ಬಂದು ಸೇರುವ ರಾತ್ರಿ ಪಾಳಿಯ ಎಂಟು ಡ್ರೈವರುಗಳು ದಿನಾ ನಡುರಾತ್ರಿ ಒಂದೇ ಕಾರಿನ ರೇಡಿಯೊ ಸುತ್ತ ಕೂತು ಮಾಮನನ್ನು ಕೇಳುತ್ತಿದ್ದರು. ಅವರ ಮುಖಂಡ ಹಗಲಲ್ಲೂ ಹೆಡ್‌ಲೈಟ್ ಉರಿಸಿಕೊಂಡೇ ಓಡಾಡುವುದರಿಂದ ಡಿಪ್ಪರಣ್ಣ ಎಂದು ಹೆಸರಾದವನು. ಜಗಳಕ್ಕೆ ಅವನಿಗಿಂತ ಒಳ್ಳೆಯ ಮನುಷ್ಯ ಸುತ್ತಮುತ್ತ ಇರಲಿಲ್ಲ. ಅವನು ಒಂದು ಫೋನ್ ಮಾಡಿದರೆ ಹತ್ತು ಫೋನಿಗೆ ಸಮ.

ಆದರೆ ಡಿಪ್ಪರಣ್ಣ ಕಾರಿನಿಂದಿಳಿದು ಬಂದು ಮಾಮನನ್ನು ಬಿಗಿಯಾಗಿ ತಬ್ಬಿಕೊಂಡ. "ಮಾಮ, ನಡುವೆ ಒಂದ್ಸಲ ಎಲ್ಲ ನಿಂತೇ ಹೋಯ್ತಲ್ಲ, ಆಗ ನಾವು ಎಂಟು ಜನಾನೂ ಉಸಿರು ಬಿಗಿ ಹಿಡ್ಕೊಂಡ್ವಿ. ಮತ್ತೆ ಶುರುವಾಯ್ತು ನೋಡಿ, ಮೈ ಜುಮ್ ಅಂತು."

ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದ ಮಾಮನ ತಾಳ್ಮೆ ಅಲ್ಲಿಗೆ ತಪ್ಪಿತು. "ನಿನ್ನೆ ನಾನು ಏನೂ ಹಾಕ್ಲಿಲ್ಲ ಕಣ್ರಪ್ಪ. ಮನೇಲಿ ಮಲಗಿದ್ದೆ. ರೇಡಿಯೊದಲ್ಲಿ ಇದ್ದಿದ್ದು ಬರೀ ಮೌನ."

ಡಿಪ್ಪರಣ್ಣ ಮಾಮನ ಹೆಗಲ ಮೇಲೆ ಕೈಯಿಟ್ಟ. "ದೊಡ್ಡ ಕಲಾವಿದರೆಲ್ಲ ಹೀಗೇ ಹೇಳೋದು."

"ನಾನು ಕಲಾವಿದ ಅಲ್ಲ, ರೆಕಾರ್ಡ್ ಹಾಕೋನು."

"ನೋಡ್ರೋ, ಎಷ್ಟು ವಿನಯ. ಆಫೀಸಲ್ಲಿ ಯಾರೂ ಒಂದು ಒಳ್ಳೆ ಮಾತು ಆಡಿಲ್ಲ ಅನ್ಸುತ್ತೆ, ಮನಸ್ಸು ಕುಗ್ಗಿದೆ. ತೆಗೀರೋ ಫೋನು, ಒಬ್ಬೊಬ್ಬರೂ ಒಂದೊಂದು ಕಾಲ್ ಮಾಡಿ. ನಿನ್ನೆದು ಬಹಳ ಚೆನ್ನಾಗಿತ್ತು ಅಂತ ಹೇಳಿ."

ಏನೂ ಹಾಕದ ರಾತ್ರಿಯನ್ನು ಎಂಟು ಜನ ಹೊಗಳಿದರೆ, ಜನಕ್ಕೆ ಮೌನವೇ ಸಾಕು ಎಂದು ಡೈರೆಕ್ಟರು ಬರೆದುಕೊಳ್ಳುತ್ತಾರೆ. "ಬೇಡ ಕಣ್ರೋ, ನಿಮ್ಮ ಕಾಲಿಗೆ ಬೀಳ್ತೀನಿ," ಎನ್ನುತ್ತ ಮಾಮ ಒಬ್ಬೊಬ್ಬರ ಕೈಯಿಂದ ಫೋನು ಕಿತ್ತುಕೊಳ್ಳತೊಡಗಿದ. ಐದು ಫೋನನ್ನು ಎದೆಗವಚಿಕೊಂಡು ಆರನೆಯದಕ್ಕೆ ಕೈ ಚಾಚುವಾಗ, ಎದೆಯ ಮೇಲಿನ ಒಂದು ಫೋನು ಮಾತಾಡಿತು.

"ನಮಸ್ಕಾರ, ರೇಡಿಯೊ ಸ್ಟೇಷನ್," ಎಂದಳು ರಿಸೆಪ್ಷನ್ನಿನ ಹುಡುಗಿ.

"ರಾಂಗ್ ನಂಬರ್," ಎಂದು ಮಾಮ ಕೂಗಿದ.

"ಮಾಮ, ನೀವಾ? ಡೈರೆಕ್ಟರು ಬೆಳಗ್ಗಿಂದ ನಿಮ್ಮನ್ನ ಹುಡುಕ್ತಿದಾರೆ. ಕೂಡಲೇ ಬರಬೇಕಂತೆ."

ಎಲ್ಲ ಮುಗಿಯಿತು ಎಂದುಕೊಂಡು ಮಾಮ ಫೋನುಗಳನ್ನು ಹಿಂದಿರುಗಿಸಿದ. ಡಿಪ್ಪರಣ್ಣನೇ ಹೆಡ್‌ಲೈಟ್ ಹಾಕಿಕೊಂಡು ಅವನನ್ನು ಸ್ಟೇಷನ್ನಿಗೆ ಬಿಟ್ಟುಬಂದ.

ಡೈರೆಕ್ಟರ ಕೋಣೆಯಲ್ಲಿ ರಾತ್ರಿ ಪಾಳಿಯ ಎಂಜಿನಿಯರ್ ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಮಾಮನ ಜೊತೆ ಹನ್ನೊಂದು ವರ್ಷ ಗಾಜಿನ ಆಚೆ ಕೂತು ಗುಂಡಿ ಒತ್ತಿದವನು.

"ಎಪ್ಪತ್ತೊಂದು ಫೋನ್ ಬಂದಿದೆ. ದೂರು ಒಂದೂ ಇಲ್ಲ," ಎಂದರು ಡೈರೆಕ್ಟರು.

"ಅವರು ಒಳ್ಳೆ ಜನ ಸಾರ್. ನನಗೆ ಬೇಜಾರಾಗ್ಬಾರ್ದು ಅಂತ ಸುಳ್ಳು ಹೇಳ್ತಿದಾರೆ."

"ಕೂತ್ಕೊಂಡು ಇದನ್ನ ಕೇಳಿ."

ಪ್ರಸಾರವಾದ ಪ್ರತಿ ಗಂಟೆಯನ್ನೂ ಧ್ವನಿಮುದ್ರಿಸಿ ಇಡುವುದು ಸ್ಟೇಷನ್ನಿನ ಕ್ರಮ. ಡೈರೆಕ್ಟರು ಹಿಂದಿನ ರಾತ್ರಿಯದನ್ನು ಹಾಕಿದರು. ಆಳದಿಂದ ದಪ್ಪನೆಯ ಒಂದು ಸ್ವರ ಎದ್ದು, ತುದಿಯಲ್ಲಿ ನಡುಗಿ, ಸೀಟಿಯಾಗಿ ತೆಳುವಾಗಿ ಇಳಿಯಿತು. ನಾಲ್ಕು ಸಲಕ್ಕೊಮ್ಮೆ ಕಿರ್ ಎಂಬ ತಾಳ. ಆಮೇಲೆ ಎಲ್ಲ ನಿಂತುಹೋಗಿ, ಎಷ್ಟೋ ಹೊತ್ತಾದ ಮೇಲೆ, ಅಣೆಕಟ್ಟು ಒಡೆದ ಹಾಗೆ ಮತ್ತೆ ಶುರು. ಮಾಮ ಕಣ್ಣು ಮುಚ್ಚಿದ. ತಾನು ಯಾಕೆ ಬಂದಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು.

"ಯಾರು ಸಾರ್ ಇವರು?" ಎಂದ ಕೊನೆಗೆ. "ಇಷ್ಟು ವರ್ಷ ನನ್ನ ಕೈಗೆ ಹೇಗೆ ಸಿಗಲಿಲ್ಲ?"

ಡೈರೆಕ್ಟರು ಎಂಜಿನಿಯರನ ಕಡೆ ಬೆರಳು ತೋರಿಸಿದರು.

"ಏನೂ ಹಾಕಬೇಡ ಅಂದಿದ್ರಲ್ಲ ಸಾರ್," ಎಂದ ಎಂಜಿನಿಯರ್ ನೆಲ ನೋಡುತ್ತ. "ಹಾಗೇ ಮೇಜಿಗೆ ತಲೆ ಆನಿಸಿದೆ. ನಿದ್ದೆ ಹತ್ತಿಬಿಡ್ತು. ಮೈಕ್ ಆನ್ ಇದ್ದದ್ದು ಗೊತ್ತಾಗ್ಲಿಲ್ಲ. ಕಿರ್ ಅನ್ನೋದು ಫ್ಯಾನು."

ಮಾಮನ ಕಣ್ಣ ಮುಂದೆ ಬೇಕರಿಯವನು, ಅಜ್ಜಿ, ಡಿಪ್ಪರಣ್ಣ ಸಾಲಾಗಿ ಬಂದು ಹೋದರು. ಅವರೆಲ್ಲ ನಿಜವಾಗಿಯೂ ಕೇಳಿದ್ದರು. ಹನ್ನೊಂದು ವರ್ಷವೂ ಕೇಳಿದ್ದರು. ನಾಚಿಕೆಯ ಜೊತೆಗೇ ಮಾಮನಿಗೆ ಹೇಳಲಾಗದಷ್ಟು ಸಂತೋಷವಾಯಿತು.

"ಕಾರ್ಯಕ್ರಮ ಉಳೀತು," ಎಂದರು ಡೈರೆಕ್ಟರು. "ಎರಡಲ್ಲ, ಮೂರು ಗಂಟೆ. ಆದರೆ ಜನ ಕೇಳ್ತಿರೋದು ಇವರನ್ನ. ಇನ್ಮೇಲೆ ಇವರು ಮಲಗಲಿ. ನೀವು ಲೈಬ್ರರಿಯಲ್ಲಿ ರೆಕಾರ್ಡುಗಳ ಧೂಳು ಒರೆಸಿಕೊಂಡು ಹಾಯಾಗಿರಿ."

ಮಾಮ ಕುರ್ಚಿಯಿಂದ ಎದ್ದ. ಅಷ್ಟರಲ್ಲಿ ಎಂಜಿನಿಯರ್ ಕೆಮ್ಮಿದ.

"ಮಾಮ ಇಲ್ದೇ ಆಗಲ್ಲ ಸಾರ್. ನಂಗೆ ಸುಮ್ಸುಮ್ನೆ ನಿದ್ದೆ ಬರಲ್ಲ. ನಿನ್ನೆ ಒಬ್ಬನಿಗೇ ಬೇಜಾರಾಗಿ ಮಾಮನ ಹಳೇ ಕಾರ್ಯಕ್ರಮ ಹೆಡ್‌ಫೋನಲ್ಲಿ ಹಾಕ್ಕೊಂಡಿದ್ದೆ. ಅವರು ಮಾತು ಶುರು ಮಾಡಿದ್ರೆ ಸಾಕು, ಕಣ್ಣು ಎಳೆಯುತ್ತೆ. ಇಷ್ಟು ವರ್ಷ ತೊಡೆ ಚಿವುಟಿಕೊಂಡು ಎಚ್ಚರ ಇದ್ದೆ."

ಡೈರೆಕ್ಟರು ಮಾಮನ ಕಡೆ ತಿರುಗಿದರು. "ಹಾಗಾದ್ರೆ ಮಾಮ, ನೀವೂ ಬನ್ನಿ. ಎಂದಿನ ಹಾಗೆ ನಿಮ್ಮ ಕುರ್ಚಿಯಲ್ಲೇ ಕೂತು, ಎಂದಿನ ಹಾಗೆ ಮಾತಾಡಿ. ನಿಮ್ಮ ಮೈಕ್ ಮಾತ್ರ ಆಫ್ ಇರ್ಲಿ."

ಮಾಮ ಹಿಂದೆ ಮುಂದೆ ಲೆಕ್ಕ ಹಾಕಿದ. ಅದೇ ಕೋಣೆ, ಅದೇ ಕುರ್ಚಿ, ಒಂದು ಗಂಟೆ ಹೆಚ್ಚು. ಮನೆಯಲ್ಲಿ ಹೇಳಿಕೊಳ್ಳಲು ಕಾರ್ಯಕ್ರಮವಂತೂ ಇದೆ. ಅವನು ಎಂಜಿನಿಯರನ ಕಡೆ ತಿರುಗಿದ.

"ಸರಿ ಕಣಪ್ಪ. ಇವತ್ತು ಯಾವ ವಿಷಯ ಮಾತಾಡ್ಲಿ?"

"ಯಾವುದಾದ್ರೂ ಆಗುತ್ತೆ ಮಾಮ," ಎಂದ ಎಂಜಿನಿಯರ್ ಆಕಳಿಸುತ್ತ. "ಮೊದಲ ಎರಡು ನಿಮಿಷ ಬಿಟ್ಟು ಮುಂದೆ ನಾನು ಯಾವತ್ತೂ ಕೇಳಿಲ್ಲ."