ಎಫೆಕ್ಟ್ಸ್ ಪೆಟ್ಟಿಗೆಯೂ ಅತ್ತೆಯ ಸೋಬಾನೆಯೂ

ಕೈಲಾಗದ ಕೆಲಸಕ್ಕೆ ಒಂದು ಯಂತ್ರ ಕೊಂಡುಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂದು ನಂಬುವವರ ಪೈಕಿ ನಾನೂ ಒಬ್ಬ. ಬೆಳಿಗ್ಗೆ ಎದ್ದು ನಡೆಯಲಾಗದವರು ಮನೆಯೊಳಗೆ ನಡೆಯುವ ಯಂತ್ರ ತರಿಸಿ ಅದರ ಮೇಲೆ ಟವೆಲ್ ಒಣಗಿಸುವುದನ್ನು ನೀವೂ ನೋಡಿರುತ್ತೀರಿ. ನನಗೆ ಗಿಟಾರ್ ಬಾರದು. ಬಾರದು ಎಂದರೆ ತೀರಾ ಬಾರದು ಎಂದಲ್ಲ. ನಾನು ನುಡಿಸುತ್ತೇನೆ, ಕೇಳಿದವರು ಬಾರದು ಎನ್ನುತ್ತಾರೆ. ಅರಕಲಗೂಡಿನ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು, ಸಂಜೆ ಬಸ್ಸಿನಲ್ಲಿ ಹಾಸನದ ಮನೆಗೆ ಬಂದು, ಕಾಫಿ ಕುಡಿದು ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರೆ ಎದುರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಬೇಸಿಗೆಯಲ್ಲೂ ಹಾಕಿಕೊಳ್ಳುತ್ತಾರೆ. ಇದು ನನ್ನ ಬೆರಳಿನ ದೋಷವಲ್ಲ, ದನಿ ಬದಲಿಸಿಕೊಡುವ ಒಳ್ಳೆಯ ಎಫೆಕ್ಟ್ಸ್ ಇಲ್ಲದ ದೋಷ ಎಂದು ನನಗೆ ಬಹಳ ದಿನಗಳಿಂದ ಗುಮಾನಿಯಿತ್ತು.

ಹೀಗಿರುವಾಗ ಚನ್ನರಾಯಪಟ್ಟಣದ ಆರ್ಕೆಸ್ಟ್ರಾ ಒಂದರ ಗಿಟಾರಿಸ್ಟು ಇನ್ನು ಮುಂದೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಮಾಡುತ್ತೇನೆಂದು ತೀರ್ಮಾನಿಸಿ, ತನ್ನ ಹಳೆಯ ಎಫೆಕ್ಟ್ಸ್ ಪ್ರೊಸೆಸರನ್ನು ಮಾರುವ ಸುದ್ದಿ ಬಂತು. ಕಾಲಲ್ಲಿ ತುಳಿಯುವ ಚಿಕ್ಕ ಪೆಡಲ್ ಅಲ್ಲ ಅದು. ಕಪ್ಪು ಬಣ್ಣದ, ಅಗಲವಾದ, ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಸ್ಟುಡಿಯೋದ ರ‍್ಯಾಕಿಗೆ ತಿರುಪು ಹಾಕಿ ಕೂರಿಸಲೆಂದು ಎರಡು ಕಡೆಯೂ ತೂತಿರುವ ಕಿವಿಗಳು, ಮುಂದುಗಡೆ ಸಾಲಾಗಿ ಗುಂಡಿಗಳು, ನಡುವೆ ಹೊಳೆಯುವ ಕೆಂಪು ಅಂಕಿ. ಇತ್ತ ಗಿಟಾರಿನ ವೈರು ಚುಚ್ಚಿದರೆ ಅತ್ತ ಸ್ಪೀಕರಿನಲ್ಲಿ ಅದು ಗುಡುಗಾಗಿ, ಗವಿಯೊಳಗಿನ ದನಿಯಾಗಿ, ಒಂದಕ್ಕೆ ನಾಲ್ಕು ಗಿಟಾರಾಗಿ ಹೊರಬರುತ್ತದೆ. ಅದನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರು, "ಏನ್ ಸಾ ಇದು, ಯುಪಿಎಸ್ಸಾ?" ಎಂದ. ಅಲ್ಲಪ್ಪ, ಗಿಟಾರಿಗೆ ಹಾಕೋದು ಎಂದೆ. ಅವನು ಗಿಟಾರಿಗಾಗಿ ಸೀಟಿನ ಕೆಳಗೆಲ್ಲ ನೋಡಿ, ಒಮ್ಮೆ ನನ್ನ ಮುಖವನ್ನೂ ನೋಡಿ, ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಮನೆಯಲ್ಲಿ ನನ್ನ ಹೆಂಡತಿ ಸವಿತಾ ಖುಷಿಯಿಂದಲೇ ಬಾಗಿಲು ತೆಗೆದು, "ಕೊನೆಗೂ ತಂದ್ರಲ್ಲ. ಕರೆಂಟ್ ಹೋದ್ರೆ ಎಷ್ಟು ಹೊತ್ತು ಬರುತ್ತೆ?" ಎಂದಳು. ಕರೆಂಟ್ ಹೋದರೆ ಇದೂ ಹೋಗುತ್ತದೆ ಎಂದು ಹೇಳುವುದಕ್ಕೆ ನಾನು ನೀರು ಕುಡಿದು ಸುಧಾರಿಸಿಕೊಳ್ಳಬೇಕಾಯಿತು.

ನಮ್ಮ ಮನೆಯಲ್ಲಿದ್ದ ರ‍್ಯಾಕು ಒಂದೇ, ಪಾತ್ರೆ ಬೋರಲು ಹಾಕುವ ಸ್ಟೀಲಿನದು. ಅದರ ಮೇಲಂತೂ ಕನಸು ಕಾಣುವ ಹಾಗಿರಲಿಲ್ಲ. ಶೋಕೇಸಿನಲ್ಲಿ ಹಿಡಿಯಲಿಲ್ಲ, ಟಿವಿಯ ಕೆಳಗೆ ಇಟ್ಟರೆ ಟಿವಿ ಗುಂಯ್ ಎನ್ನುತ್ತಿತ್ತು. ಕೊನೆಗೆ ಅಡುಗೆಮನೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅದರ ಸಂಸಾರ ಶುರುವಾಯಿತು. ಅಲ್ಲಿ ಸವಿತಾ ಅದರಲ್ಲಿ ಒಂದು ವಿಶೇಷ ಗುಣವನ್ನು ಪತ್ತೆ ಮಾಡಿದಳು. ಅರ್ಧ ಗಂಟೆ ಆನ್ ಮಾಡಿಟ್ಟರೆ ಪೆಟ್ಟಿಗೆಯ ತಲೆ ಬೆಚ್ಚಗಾಗುತ್ತದೆ. ಹಾಸನದ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗು ಬರುವುದಿಲ್ಲವೆಂಬ ಕಷ್ಟ ಹೆಂಗಸರಿಗೇ ಗೊತ್ತು. ಆಮೇಲಿಂದ ನನ್ನ ಸಂಗೀತಕ್ಕೆ ಮನೆಯಲ್ಲಿ ಸಿಕ್ಕ ಪ್ರೋತ್ಸಾಹವನ್ನು ಏನೆಂದು ಹೇಳಲಿ. "ರೀ, ಇವತ್ತು ಸ್ವಲ್ಪ ಜಾಸ್ತಿ ಹೊತ್ತು ಪ್ರಾಕ್ಟೀಸ್ ಮಾಡ್ಕೊಳ್ಳಿ, ನಾಳೆ ಇಡ್ಲಿ" ಎನ್ನುವಳು. ದೋಸೆಯಾದರೆ ಕಡಿಮೆ ಹೊತ್ತು ಸಾಕು. ನನ್ನ ಗಿಟಾರ್ ಸುಧಾರಿಸಿತೋ ಇಲ್ಲವೋ, ಇಡ್ಲಿ ಮಾತ್ರ ಹೂವಿನಂತೆ ಬರತೊಡಗಿತು.

ಆ ಹೊತ್ತಿಗೆ ಹಳೇಕೋಟೆಯಿಂದ ನಮ್ಮತ್ತೆ, ಸವಿತಾಳ ತಾಯಿ ಚಿಕ್ಕತಾಯಮ್ಮ, ಕಣ್ಣಿನ ಪೊರೆ ತೆಗೆಸಲು ಬಂದು ನಮ್ಮಲ್ಲಿ ಉಳಿದಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕೂತರೆ ಯಾವುದೋ ಪಕ್ಷದ ಅಧ್ಯಕ್ಷರಂತೆ ಕಾಣುತ್ತಿದ್ದರು. ಆದರೆ ಮನಸ್ಸು ನೆಟ್ಟಗಿರಲಿಲ್ಲ. ಮಗನ ಮಗಳು ಸಹನಾಳ ಮದುವೆ ಹತ್ತಿರ ಬಂದಿತ್ತು, ಹೊಳೆನರಸೀಪುರದ ಛತ್ರದಲ್ಲಿ. ಹಳೇಕೋಟೆಯ ಸುತ್ತಮುತ್ತ ನಮ್ಮತ್ತೆ ಸೋಬಾನೆ ಹಾಡದೆ ಅರಿಶಿಣ ಹಚ್ಚಿಸಿಕೊಂಡ ಹೆಣ್ಣೇ ಇಲ್ಲ. ಈಗ ಸ್ವಂತ ಮೊಮ್ಮಗಳ ಅರಿಶಿಣಕ್ಕೇ ಹಾಡುವುದಿಲ್ಲ ಎಂದು ಕೂತಿದ್ದರು. ಸವಿತಾ ಕೇಳಿದರೆ, "ಸೊಲ್ಲು ಏಳೋರು ಯಾರವ್ರೆ ಕಣವ್ವ? ಸಣ್ಣಮ್ಮ ತೀರ್ಕಂಡ್ಲು. ನಿಂಗಮ್ಮ ಮಗಳ ಮನೆ ಸೇರ್ಕಂಡ್ಲು. ನಾನೊಬ್ಳೇ ಕುಂತ್ಕಂಡು ಪದ ಏಳಿದ್ರೆ ಮುದುಕಿಗೆ ತಲೆ ಕೆಟ್ಟದೆ ಅಂದಾರು" ಎಂದರು. ಸೋಬಾನೆಯ ಕ್ರಮವೇ ಹಾಗೆ. ಒಬ್ಬರು ಒಂದು ಸಾಲು ಹಾಡಬೇಕು, ಉಳಿದವರು ಆ ಸಾಲನ್ನೇ ಎತ್ತಿಕೊಂಡು ಸೊಲ್ಲು ಹೇಳಬೇಕು. ಆ ಹೊತ್ತಿಗೆ ಮೊದಲಿನವರು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ನೆನಪಿಸಿಕೊಳ್ಳುತ್ತಾರೆ. ಸಹನಾಳ ಅಪ್ಪ, ಅಂದರೆ ನನ್ನ ಭಾವಮೈದುನ, ಹಾಡನ್ನು ಪೆನ್‌ಡ್ರೈವಿನಲ್ಲಿ ಹಾಕಿಸುತ್ತೇನೆಂದು ಫೋನಿನಲ್ಲಿ ಹೇಳಿದ. ಅತ್ತೆ ಅವತ್ತು ಊಟ ಮಾಡಲಿಲ್ಲ.

ನಮ್ಮತ್ತೆ ಊಟ ಬಿಡುವುದು ಸಣ್ಣ ಸಂಗತಿಯಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಆಗ ಹೊಳೆದದ್ದು ಈ ಪೆಟ್ಟಿಗೆ. ಹೇಳಿದ್ದನ್ನು ಒಂದೆರಡು ಕ್ಷಣ ಹಿಡಿದಿಟ್ಟು ವಾಪಸ್ಸು ಹೇಳುವ ಎಫೆಕ್ಟ್ ಒಂದು ಅದರಲ್ಲಿತ್ತು. ಒಂದು ದನಿಯನ್ನು ನಾಲ್ಕು ದನಿ ಮಾಡುವುದು ಇನ್ನೊಂದಿತ್ತು. ಎರಡನ್ನೂ ಜೋಡಿಸಿ, ಗಿಟಾರಿನ ಜಾಗಕ್ಕೆ ಮೈಕು ಚುಚ್ಚಿ ಅತ್ತೆಯ ಕೈಗೆ ಕೊಟ್ಟು, ಒಂದು ಸಾಲು ಹೇಳಿ ಅತ್ತೆ ಎಂದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ "ಅರಿಶಿಣದ ಬಟ್ಟಲಿಗೆ ಅಂಗಳವೇ ಬೆಳಗ್ಯಾದೆ" ಎಂದು ಎತ್ತಿ ನಿಲ್ಲಿಸಿದರು. ಸ್ಪೀಕರಿನೊಳಗಿಂದ ನಾಲ್ಕಾರು ಹೆಂಗಸರು ಅದನ್ನೇ ಎತ್ತಿಕೊಂಡರು. ಒಬ್ಬಳು ಸ್ವಲ್ಪ ಮುಂದೆ, ಒಬ್ಬಳು ಹಿಂದೆ, ಒಬ್ಬಳಿಗೆ ಶ್ರುತಿಯಿಲ್ಲ. ಥೇಟು ನಮ್ಮ ಕಡೆಯ ಮದುವೆಮನೆ. ಅತ್ತೆ ಕನ್ನಡಕ ತೆಗೆದು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. "ಆ ಇಂದ್ಗಡೆದು ಸಣ್ಣಮ್ಮನ ಗಂಟ್ಲು ಕಣಪ್ಪ" ಎಂದರು. ಕಣ್ಣಿಗೆ ಹನಿ ಹಾಕುವ ಹೊತ್ತೇನೂ ಆಗಿರಲಿಲ್ಲ, ಆದರೂ ಕಣ್ಣು ಒದ್ದೆಯಾಗಿತ್ತು. ಸವಿತಾ ಅಡುಗೆಮನೆಗೆ ಹೋಗಿಬಿಟ್ಟಳು. ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡು, "ಅಳಿಮಯ್ಯ, ಸೊಲ್ಲು ಏಳೋರ್ಗೆ ಮೊದ್ಲು ಎಲೆ ಅಡಿಕೆ ಕೊಡ್ಬೇಕು ಕಣಪ್ಪ, ಬರೀ ಬಾಯಲ್ಲಿ ಏಳಿಸ್ಬಾರ್ದು" ಎಂದು ಪೆಟ್ಟಿಗೆಯ ಮೇಲೆ ತಾಂಬೂಲ ಇಟ್ಟರು. ಆವತ್ತು ಹಿಟ್ಟಿನ ಪಾತ್ರೆಗೆ ಜಾಗವಿರಲಿಲ್ಲ.

ಮದುವೆಯ ಹಿಂದಿನ ದಿನ ಛತ್ರದಲ್ಲಿ ಅರಿಶಿಣದ ಶಾಸ್ತ್ರ. ಹಳ್ಳಿಮೈಸೂರಿನಿಂದ ಬೀಗರೂ ಬಂದು ಎದುರು ಸಾಲಿನಲ್ಲಿ ಕೂತಿದ್ದರು. ನಾನು ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟುಕೊಂಡು, ದೊಡ್ಡ ಸ್ಟುಡಿಯೋದವನ ಗತ್ತಿನಲ್ಲಿ ಗುಂಡಿ ತಿರುಗಿಸುತ್ತ ನಿಂತಿದ್ದೆ. ಅತ್ತೆ ಹಾಡಿದರು, ಪೆಟ್ಟಿಗೆ ಸೊಲ್ಲು ಹೇಳಿತು. ಹೆಂಗಸರೆಲ್ಲ ಹಾಡುವವರು ಎಲ್ಲಿದ್ದಾರೆಂದು ಹಿಂದೆ ಮುಂದೆ ನೋಡಿದರು. ಸಹನಾ ಅರಿಶಿಣದ ಮುಖದಲ್ಲಿ ಅಜ್ಜಿಯನ್ನು ನೋಡಿ ನಕ್ಕಳು. ಎಲ್ಲ ಸುಸೂತ್ರವಾಗಿತ್ತು. ಆದರೆ ಹಾಡಿನ ನಡುವೆ ಉಸಿರು ತೆಗೆದುಕೊಳ್ಳುವಾಗ ಪಕ್ಕದವರ ಕಿವಿಯಲ್ಲಿ ಒಂದು ಮಾತು ಹಾಕುವುದು ಸೋಬಾನೆಯವರ ಹಳೆಯ ರೂಢಿ. ಸೊಲ್ಲಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಅತ್ತೆ ಅದೇ ರೂಢಿಯಂತೆ ಸವಿತಾಳತ್ತ ಬಗ್ಗಿ, "ಬೀಗ್ತಿ ಸೀರೆ ನೋಡ್ದೇನವ್ವ, ಕಿಟಕಿ ಪರದೆ ಸುತ್ಕಂಡಂಗೈತೆ" ಎಂದರು. ಮೈಕು ಕೈಯಲ್ಲೇ ಇತ್ತು. ಒಂದು ಕ್ಷಣ ಬಿಟ್ಟು ನಾಲ್ಕಾರು ಹೆಂಗಸರು ಒಕ್ಕೊರಲಿನಿಂದ, ಬೀಗಿತ್ತಿಯ ಸೀರೆ ಕಿಟಕಿಯ ಪರದೆ ಸುತ್ತಿಕೊಂಡ ಹಾಗಿದೆ ಎಂದು ಛತ್ರಕ್ಕೆಲ್ಲ ಸಾರಿದರು. ಗಾಬರಿಯಲ್ಲಿ ನಾನು ಯಾವುದೋ ಗುಂಡಿ ಒತ್ತಿದೆ. ಅದು ಗವಿಯ ಎಫೆಕ್ಟ್. ಪರದೆ, ಪರದೆ, ಪರದೆ ಎಂಬ ದನಿ ಚಾವಣಿಗೆ ಬಡಿದು ಅಡುಗೆ ಭಟ್ಟರವರೆಗೂ ಹೋಯಿತು. ಕೊನೆಗೆ ಕರೆಂಟಿನ ವೈರನ್ನೇ ಕಿತ್ತೆ.

ನನ್ನ ಭಾವಮೈದುನನ ಮುಖ ಸಹನಾಳ ಮುಖಕ್ಕಿಂತ ಹಳದಿಯಾಗಿತ್ತು. ಬೀಗಿತ್ತಿ ಜಯಮ್ಮ, ವರನ ತಾಯಿ, ದೊಡ್ಡ ದೊಡ್ಡ ಹೂವಿನ ಆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. ಮದುವೆ ಮುರಿಯುವುದಕ್ಕೆ ನನ್ನದೊಂದು ಪೆಟ್ಟಿಗೆ ಸಾಕಾಯಿತಲ್ಲ ಎಂದುಕೊಂಡೆ. ಜಯಮ್ಮ ಅತ್ತೆಯ ಎದುರಿಗೆ ಬಂದು, ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಬಾಯಿ ತೆರೆದರು. "ಕರಿಯ ಕನ್ನಡಕದೋಳ ಕಣ್ಣಿನ ಪೊರೆ ಬಿಡಿಸಿ, ಸೋಬಾನೆ." ಅದು ಮೈಕು ಕೇಳುವ ಗಂಟಲಲ್ಲ. ಹಿಂದೆ ಕೂತಿದ್ದ ಹಳ್ಳಿಮೈಸೂರಿನ ಹೆಂಗಸರು ಕಾಯುತ್ತಿದ್ದವರಂತೆ ಸೊಲ್ಲು ಎತ್ತಿಕೊಂಡರು. ಬೀಗರು ಬೀಗರನ್ನು ಹಾಡಿನಲ್ಲಿ ಜರಿಯುವುದು ನಮ್ಮ ಕಡೆ ಹಳೆಯ ಪದ್ಧತಿ. ಎಷ್ಟೋ ಮದುವೆಗಳಲ್ಲಿ ಅದು ನಿಂತೇ ಹೋಗಿತ್ತು. ಅತ್ತೆಯ ಮುಖ ಬೆಳಗಿತು. ಅವರು ಒಂದು ಕ್ಷಣವೂ ಯೋಚಿಸದೆ, "ಪೊರೆ ತೆಗೆಸಿ ಕೆಟ್ಟೆ ನಾ, ಬೀಗ್ತಿಯ ಮೊಗ ಕಂಡೆ, ಸೋಬಾನೆ" ಎಂದು ಎತ್ತಿ ನಿಲ್ಲಿಸಿ, ಸೊಲ್ಲಿಗಾಗಿ ನನ್ನತ್ತ ನೋಡಿದರು.

ವೈರು ನನ್ನ ಕೈಯಲ್ಲಿತ್ತು. ಪೆಟ್ಟಿಗೆಯ ಕೆಂಪು ಅಂಕಿ ಆರಿಹೋಗಿತ್ತು. ಹೆಣ್ಣಿನ ಕಡೆಗೆ ಸೊಲ್ಲು ಹೇಳುವವರು ಯಾರೂ ಇಲ್ಲ. ಅತ್ತೆಯ ಮುಖ ಮತ್ತೆ ಸಣ್ಣಗಾಗುವುದನ್ನು ನೋಡಲು ನನ್ನಿಂದಾಗಲಿಲ್ಲ. ನನಗೇ ಗೊತ್ತಿಲ್ಲದೆ ನನ್ನ ಬಾಯಿ ತೆರೆಯಿತು. "ಪೊರೆ ತೆಗೆಸಿ ಕೆಟ್ಟೆ ನಾ" ಎಂದು ನಾನು, ಲೆಕ್ಕದ ಮೇಷ್ಟ್ರು, ಗಂಡಸು, ಹಾಡಿದೆ. ಛತ್ರಕ್ಕೆ ಛತ್ರವೇ ನಕ್ಕಿತು. ಜಯಮ್ಮ ನಗು ತಡೆಯಲಾರದೆ ಆ ಹೂವಿನ ಸೆರಗನ್ನೇ ಬಾಯಿಗೆ ತುರುಕಿಕೊಂಡರು. ಆದರೆ ಎರಡನೇ ಸಲಕ್ಕೆ ಸವಿತಾ ದನಿ ಸೇರಿಸಿದಳು, ಬಹುಶಃ ನನ್ನ ದನಿಯನ್ನು ಮುಚ್ಚುವುದಕ್ಕೆ. ಆಮೇಲೆ ಮಣೆಯ ಮೇಲಿದ್ದ ಮದುವಣಗಿತ್ತಿ. ಆಮೇಲೆ ಫೋನು ಹಿಡಿದು ನಿಂತಿದ್ದ ಹೆಣ್ಣುಮಕ್ಕಳು. ಅರಿಶಿಣ ಒಣಗಿ ಉದುರುವವರೆಗೂ ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಸೀರೆ, ಮೂಗು, ಊರು, ಮುದ್ದೆ ಎಂದು ಒಂದೂ ಬಿಡದೆ ಜರಿದುಕೊಂಡು, ಕೊನೆಗೆ ತಬ್ಬಿಕೊಂಡು ಎದ್ದರು. ನನ್ನ ಜೀವಮಾನದಲ್ಲಿ ನಾನು ಅಷ್ಟು ಸಂತೋಷಪಟ್ಟ ಕಚೇರಿ ಇನ್ನೊಂದಿಲ್ಲ.

ಊಟದ ಪಂಕ್ತಿಯಲ್ಲಿ ಜಯಮ್ಮ ಅತ್ತೆಯ ಪಕ್ಕದಲ್ಲೇ ಕೂತು, ತಮ್ಮ ಕಿರಿಯ ಮಗನ ಮದುವೆಗೂ ಹಳ್ಳಿಮೈಸೂರಿಗೆ ಬಂದು ಹಾಡಲೇಬೇಕೆಂದು ಒಪ್ಪಿಸಿಕೊಂಡರು. ಪೆಟ್ಟಿಗೆ ತರಲೇ ಎಂದು ನಾನು ಕೇಳಿದೆ. "ಅದ್ಯಾಕ್ ಬುಡಿ ಸಾ, ನೀವೇ ಬನ್ನಿ, ಜನ ನಗ್ತಾರೆ" ಎಂದರು. ಹಾಸನಕ್ಕೆ ಬಂದ ಮೇಲೆ ಸವಿತಾ ಫೋನಿನಲ್ಲಿ ಆ ವೀಡಿಯೊ ಹಾಕಿ ಅತ್ತೆಗೆ ತೋರಿಸಿದಳು. ಮೂವತ್ತು ನಲವತ್ತು ಹೆಂಗಸರ ನಡುವೆಯೂ ಎಲ್ಲರಿಗಿಂತ ಮೇಲೆ ಕೇಳಿಸುತ್ತಿದ್ದದ್ದು ನನ್ನ ದನಿಯೇ. ಅತ್ತೆ ಕನ್ನಡಕ ಏರಿಸಿಕೊಂಡು ಗಂಭೀರವಾಗಿ ಕೇಳಿ ಮುಗಿಸಿ, "ಅಳಿಮಯ್ಯ, ಆ ಪೆಟ್ಗೇಲಿ ಗಂಟ್ಲು ಸರಿ ಮಾಡೋ ಗುಂಡಿ ಇಲ್ವೇನಪ್ಪ?" ಎಂದರು.

ಇಲ್ಲ. ನಾನು ಆಗಲೇ ಹುಡುಕಿ ನೋಡಿದ್ದೆ.