ಅತ್ತೆಯವರ ಹಾಡಿಗೆ ಲಿನಕ್ಸಿನ ನೆಂಟರು

ನನಗೆ ಹಗಲುಗನಸಿನ ಚಟವಿದೆ. ತೆಂಗಿನ ತೋಟದೊಳಗೆ ಮನೆ ಇರುವವರಿಗೆ ಇದು ಬೇಗ ಅಂಟುತ್ತದೇನೋ. ಜಗಲಿಯ ಮೇಲೆ ಕೂತು ಗರಿಗಳ ನೆರಳು ಅಲ್ಲಾಡುವುದನ್ನೇ ನೋಡುತ್ತಿದ್ದರೆ ಕೈಲಿದ್ದ ಕೆಲಸ ಕೈಲೇ ಉಳಿದು, ಮನಸ್ಸು ಎಲ್ಲೋ ಹೊರಟುಹೋಗಿರುತ್ತದೆ. ಅಂಥದೊಂದು ಮಧ್ಯಾಹ್ನವೇ ನಾನು ನಮ್ಮ ಹಳೇ ಕಂಪ್ಯೂಟರಿಗೆ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿದ್ದು. ಮುದಿ ಯಂತ್ರಕ್ಕೆ ಮತ್ತೆ ಹರೆಯ ಬರುತ್ತದೆ ಎಂದು ಯಾರೋ ಹೇಳಿದ್ದರು. ಹರೆಯವೇನೋ ಬಂತು, ಆದರೆ ತೀರಿಹೋದ ನಮ್ಮ ಅತ್ತೆಯವರ ಹಾಡನ್ನು ಮಾತ್ರ ಅದು ಹಾಡಲೊಲ್ಲೆ ಎಂದಿತು.

ನಾದಿನಿಯ ಮದುವೆಯಲ್ಲಿ ಅತ್ತೆ ಹೇಳಿದ ಸೋಬಾನೆ ಪದ ಅದು. ಅವರ ದನಿ ಎಂದು ಉಳಿದಿರುವುದು ಅದೊಂದೇ. ಹಳೇ ಕಾಲದ ಫೈಲು, ಮೊಬೈಲಿಗೂ ದಕ್ಕಲಿಲ್ಲ. ಅಷ್ಟರಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಹತ್ತಿರ ಬಂತು. "ಎಡೆ ಮುಂದೆ ಅವ್ವನ ದನಿ ಕೇಳ್ಬೇಕು ಕಣ್ರೀ, ಅದೇನ್ ಮಾಡ್ತೀರೋ ಮಾಡಿ" ಎಂದಳು ನನ್ನ ಹೆಂಡತಿ ಸರೋಜ.

ನಮ್ಮ ತೋಟಕ್ಕೆ ಇಂಟರ್ನೆಟ್ಟು ಬರುವುದಿಲ್ಲ. ಹಾಗಾಗಿ ತುರುವೇಕೆರೆಗೆ ಬಸ್ಸು ಹತ್ತಿ, ಗೆಳೆಯ ಶಂಕ್ರಣ್ಣನ ಕಂಪ್ಯೂಟರ್ ಅಂಗಡಿಯಲ್ಲಿ ಹಾಡು ನುಡಿಸುವ ತಂತ್ರಾಂಶದ ಪ್ಯಾಕೇಜನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಮನೆಯಲ್ಲಿ ಹಾಕಿದರೆ, ತನ್ನ ಜೊತೆಗೆ ಇನ್ನೊಂದು ಪ್ಯಾಕೇಜು ಬೇಕು ಎಂದಿತು. ಮತ್ತೆ ಬಸ್ಸು. ಆ ಇನ್ನೊಂದು ಬಂದು, ತನಗೆ ಮತ್ತೊಂದು ಬೇಕು ಎಂದು ಕೂತಿತು. "ಪದಾನೇ ತಂದ್ಬುಡ್ರಣ್ಣ, ಫೋನಿಗೆ ಒಗ್ಗೋ ಹಂಗ್ ಮಾಡಿ ಹಾಕ್ಕೊಡ್ತೀನಿ" ಎಂದ ಶಂಕ್ರಣ್ಣ. ಸರೋಜ ಒಪ್ಪಲಿಲ್ಲ. "ನಮ್ಮವ್ವನ ದನಿ ಅಂಗ್ಡೀಲಿ ಕೂಗೋದ್ ಬ್ಯಾಡ. ಮನೇಲೇ ಆಗ್ಲಿ."

ನಮ್ಮ ಕಡೆ ಮದುವೆಗೆ ಒಬ್ಬರನ್ನೇ ಕರೆದು ಬಂದರೆ ಆಗುವುದಿಲ್ಲ. ಅವರ ಅಣ್ಣತಮ್ಮಂದಿರ ಮನೆಗಳಿಗೂ ಹೋಗಿ ಕರೆಯಬೇಕು. ಒಂದು ಹೊಸಿಲು ಬಿಟ್ಟರೂ ಇಡೀ ಸಾಲು ಮುನಿಸಿಕೊಳ್ಳುತ್ತದೆ. ಇಷ್ಟು ಮದುವೆ ಕಂಡ ನಾನು ಲಿನಕ್ಸಿನ ಪ್ಯಾಕೇಜನ್ನು ಒಂಟಿಯಾಗಿ ಕರೆಯುತ್ತಿದ್ದೆನಲ್ಲ ಎಂದು ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಎಡೆಯ ದಿನ ಬೆಳಿಗ್ಗೆಯೇ ಹೊರಟೆ. "ಬರುವಾಗ ಒಬ್ಬಟ್ಟಿಗೆ ಬೆಲ್ಲ ತನ್ನಿ, ಮರೀಬ್ಯಾಡಿ" ಎಂದು ಸರೋಜ ಬಾಗಿಲಲ್ಲೇ ಹೇಳಿದಳು.

ಈ ಸಲ ಪ್ಯಾಕೇಜಿನ ಇಡೀ ವಂಶವನ್ನೇ ಇಳಿಸಿಕೊಂಡೆ. ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟು ಕಿಟಕಿಗೆ ತಲೆ ಆನಿಸಿದರೆ, ಆ ನೆಂಟರೆಲ್ಲ ನನ್ನ ಸುತ್ತಮುತ್ತಲ ಸೀಟಿನಲ್ಲೇ ಕೂತ ಹಾಗಿತ್ತು. ಒಬ್ಬ ದೊಡ್ಡಪ್ಪ ಎಲೆಯಡಿಕೆ ಮೆಲ್ಲುತ್ತಿದ್ದ. ಒಬ್ಬ ಸೋದರತ್ತೆ, ನನ್ನನ್ನು ಕೊನೆಗೆ ಕರೆದರು ಎಂದು ಗೊಣಗುತ್ತಿದ್ದಳು. ಹೊರಗೆ ತೆಂಗಿನ ಮರಗಳು ಬಿಸಿಲಲ್ಲಿ ತೂಗುತ್ತ ಹಿಂದೆ ಸರಿದುಹೋದವು. ನಾನು ಇಳಿಯಬೇಕಾದ ಮಾಯಸಂದ್ರ ಬಂದದ್ದೂ ಗೊತ್ತಾಗದೆ, ಕಂಡಕ್ಟರ್ ಎಬ್ಬಿಸಿ ಇಳಿಸಿದ.

ಮನೆಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತೆ. ಎಲ್ಲರೂ ಬಂದಿದ್ದರಿಂದ ಯಾರೂ ಮುನಿಯಲಿಲ್ಲ. ಅತ್ತೆಯವರ ದನಿ ಕೊಂಚ ಗೊಗ್ಗರಾಗಿ, ಹತ್ತಿರದಲ್ಲೇ ಕೂತು ಹಾಡಿದಂತೆ ಕೇಳಿತು. ಸರೋಜ ಒಲೆ ಬಿಟ್ಟು ಬಂದು ಕಂಬಕ್ಕೆ ಒರಗಿ ನಿಂತಳು. ನನಗೂ ಕಣ್ಣು ತುಂಬಿತು. ಎರಡು ಸಾಲು ಆಗಿರಬೇಕು, ಹಾಡು ತಟ್ಟನೆ ನಿಂತು ಅತ್ತೆ ಮಾತಾಡಿದರು.

"ಸರೋಜಾ, ಅಳಿಯಂದ್ರನ್ನ ಒಬ್ರುನ್ನೇ ಪ್ಯಾಟೆಗೆ ಕಳ್ಸಿದ್ಯೇನೇ? ಏನಾರ ಒಂದು ಮರ್ತು ಬತ್ತಾರೆ ಕಣೇ."

ಹಾಡು ಮುಂದುವರಿಯಿತು. ಸರೋಜ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕು, ನನ್ನ ಬರಿಗೈ ನೋಡಿದಳು. ಒಲೆಯ ಮೇಲೆ ಬೇಳೆ ಬೆಂದು ಬೆಲ್ಲಕ್ಕೆ ಕಾಯುತ್ತಿತ್ತು. ನಾನು ಸದ್ದಿಲ್ಲದೆ ಎದ್ದು ಚಪ್ಪಲಿ ಮೆಟ್ಟಿಕೊಂಡೆ.