ಹುಳಿಕೋಸಿನ ಪೀಪಾಯಿಯ ಮೇಲಿಂದ ಲ್ಯಾಪ್‌ಟಾಪ್ ತೆರವು

ಗೋರ್ನೊ ಬ್ರೆಸ್ತೊವೊ ಪಟ್ಟಣ ಜಲಮಂಡಳಿ
ಸಂಖ್ಯೆ: ಜಮಂ/ನೆಲಮಾಳಿಗೆ/ಕೋಸು/14(ಅ)

ವಿಷಯ: ಹಳೆಯ ಲ್ಯಾಪ್‌ಟಾಪನ್ನು ಪೀಪಾಯಿಯಿಂದ ತೆರವುಗೊಳಿಸಿದ್ದು ಹಾಗೂ ತದನಂತರದ ಅನಾಹುತ.
ಉಲ್ಲೇಖ: 1) ರಾಜಧಾನಿ ಸೋಫಿಯಾದ ಪ್ರಧಾನ ಕಚೇರಿಯಿಂದ ಬಂದ, ಹಳೆಯ ಯಂತ್ರಗಳ ಗುಜರಿ ಆದೇಶ. 2) ಉಗ್ರಾಣದ ಶ್ರೀಮತಿ ಪೆನ್ಕಾ ದೊಬ್ರೆವಾ ಅವರ ಮೌಖಿಕ ಆಕ್ಷೇಪಣೆ (ಬೀದಿಗೂ ಕೇಳಿಸಿದ್ದು).

ಸಮಸ್ತ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ:

1. ಒಂದು ಹೊಸ ಕಾರಿನ ಬೆಲೆ ತೆತ್ತು 1992ರಲ್ಲಿ ತರಿಸಲಾದ ಸದರಿ ಲ್ಯಾಪ್‌ಟಾಪ್ ಏಳು ಕಿಲೋ ತೂಗುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡ ಅಂದಿನ ನಿರ್ದೇಶಕರನ್ನು ಎಬ್ಬಿಸಲು ಇಬ್ಬರು ನೌಕರರನ್ನು ನಿಯೋಜಿಸಲಾಗಿತ್ತು. ಊರಿನ ಕೊಳವೆಗಳ ವಿವರವೆಲ್ಲ ಅದರ ಹೊಟ್ಟೆಯಲ್ಲಿ ಹಿಡಿಸಿತ್ತು. ಉಪನಿರ್ದೇಶಕ ಶ್ರೀ ವ್ಲಾಯ್ಕೋವ್ ಅವರ ಬೆಕ್ಕು ಆಕಳಿಸುವ ವಿಡಿಯೊ ಅಲ್ಲಿ ಹಿಡಿಸುವುದಿಲ್ಲವೆಂದು ಪರಿಶೀಲಿಸಿ ದೃಢೀಕರಿಸಲಾಗಿದೆ.

2. ಸಿಬ್ಬಂದಿಯ ಮನೆಗಳಿಗೆಂದು ನೆಲಮಾಳಿಗೆಯಲ್ಲಿ ಕೋಸು ಹುಳಿಸುವ ಪೀಪಾಯಿಯ ಒತ್ತುಗಲ್ಲು ಒಡೆದ ವರ್ಷದಿಂದ ಸದರಿ ಯಂತ್ರವನ್ನು ನೈಲಾನ್ ಚೀಲದಲ್ಲಿ ಸುತ್ತಿ, ಕೋಸಿನ ಮೇಲಣ ಹಲಗೆಗೆ ಭಾರವಾಗಿ ಇಡಲಾಗಿದೆ. ಕೋಸು ಉಪ್ಪುನೀರಿನಿಂದ ತಲೆ ಎತ್ತಿದರೆ ಕೊಳೆಯುತ್ತದೆ. ಕೊಳೆತರೆ ಕ್ರಿಸ್‌ಮಸ್ಸಿಗೆ ಕೋಸಿನೆಲೆಯಲ್ಲಿ ಸುತ್ತಿದ ಸರ್ಮಿ ಇರುವುದಿಲ್ಲ. ಸರ್ಮಿ ಇಲ್ಲದೆ ಮನೆಗೆ ಹೋಗುವ ಧೈರ್ಯ ಈ ಕಚೇರಿಯಲ್ಲಿ ಯಾರಿಗೂ ಇಲ್ಲ.

3. ಕಚೇರಿಯ ಸ್ವತ್ತನ್ನು ಅಡುಗೆಗೆ ಬಳಸಿ ಹಾಳುಮಾಡಿದ ಆರೋಪದ ಮೇಲೆ ಶ್ರೀಮತಿ ಪೆನ್ಕಾ ಅವರ ಬೇಬಾಕಿ ಪತ್ರವನ್ನು ಶ್ರೀ ವ್ಲಾಯ್ಕೋವ್ ತಡೆಹಿಡಿದಿದ್ದರು. ಆ ಪತ್ರವಿಲ್ಲದೆ ಬರುವ ವಸಂತದಲ್ಲಿ ಆಕೆಗೆ ಪಿಂಚಣಿ ಇಲ್ಲ. ಉಪನಿರ್ದೇಶಕರು ಅಷ್ಟಕ್ಕೇ ಬಿಡದೆ, ಕಚೇರಿಗಿದ್ದ ಒಂದೇ ಹೊಸ ಲ್ಯಾಪ್‌ಟಾಪ್ ಸಾವಿರ ಪಟ್ಟು ಶಕ್ತಿಶಾಲಿಯೆಂದು ಸಾರಿ, ಹಳೆಯದನ್ನು ಇಳಿಸಿ ಹೊಸದನ್ನು ಹಲಗೆಯ ಮೇಲೆ ಸ್ವಹಸ್ತದಿಂದ ಇಟ್ಟರು. ಚೀಲ ಬೇಡವೆಂದರು. ಆಗ ಶ್ರೀಮತಿ ಪೆನ್ಕಾ ನುಡಿದದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಶಕ್ತಿ ಇದ್ರೆ ಸಾಲ್ದು ಸಾರ್, ಕೂರೋಕೆ ತೂಕ ಬೇಕು. ನಮ್ಮ ಯಜಮಾನ್ರೂ ಒಂದ್ಕಡೆ ಇಷ್ಟು ವರ್ಷ ಕೂತಿರ್ಲಿಲ್ಲ, ಇದು ಕೂತಿದೆ."

4. ಸೋಮವಾರ ಕೋಸು ಮೇಲೆದ್ದಿತ್ತು, ಹಲಗೆ ಮಗುಚಿತ್ತು. ಹೊಸ ಲ್ಯಾಪ್‌ಟಾಪ್ ಉಪ್ಪುನೀರಿನ ತಳದಲ್ಲಿ ಪತ್ತೆಯಾಯಿತು. ಹಳೆಯದನ್ನು ಒರೆಸಿ ವಿದ್ಯುತ್ ಕೊಡಲಾಗಿ, ಅದು ಕೆಮ್ಮಿ, ಗೊರಗುಟ್ಟಿ, ಇವತ್ತು ಯಾವ ತಾರೀಖೆಂದು ಕೇಳಿತು. ಅದನ್ನು ನೋಡಿ ಶ್ರೀಮತಿ ಪೆನ್ಕಾ ಅತ್ತದ್ದನ್ನು ಈ ಕಚೇರಿಯು ಅಧಿಕೃತವಾಗಿ ಗಮನಿಸಿಲ್ಲ.

5. ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ:
(ಅ) ಹೊಸ ಲ್ಯಾಪ್‌ಟಾಪನ್ನು ಗುಜರಿಗೆ ಹಾಕತಕ್ಕದ್ದು. ಉಪ್ಪು ಹೋಗುವಂತೆ ತೊಳೆಯುವ ಅಗತ್ಯವಿಲ್ಲ.
(ಆ) ಕಚೇರಿಯಲ್ಲಿ ನಡೆಯುವ ಏಕೈಕ ಯಂತ್ರವೆಂಬ ಕಾರಣದಿಂದ ಹಳೆಯದಕ್ಕೆ ನಿರ್ದೇಶಕರ ಮೇಜಿಗೆ ಬಡ್ತಿ ನೀಡಲಾಗಿದೆ. ಈ ಸುತ್ತೋಲೆಯನ್ನು ಅದರಲ್ಲೇ ಬೆರಳಚ್ಚು ಮಾಡಲಾಗಿದೆ.
(ಇ) ಯೋಗ್ಯ ಕಲ್ಲು ದೊರೆಯುವವರೆಗೆ ಹಲಗೆಯ ಮೇಲೆ ಶ್ರೀ ವ್ಲಾಯ್ಕೋವ್ ಅವರೇ ಕೂರತಕ್ಕದ್ದು. ಊಟದ ವಿರಾಮದಲ್ಲಿ ಲೆಕ್ಕಶಾಖೆಯ ಇಬ್ಬರು ತೆಳ್ಳಗಿನವರು ಕೂರಬಹುದು.

ಸಹಿ/-
ನಿರ್ದೇಶಕರು

ಪ್ರತಿಗಳು:
1. ಸೋಫಿಯಾ ಪ್ರಧಾನ ಕಚೇರಿಗೆ, ಅವರು ಕೇಳಿದರೆ ಮಾತ್ರ.
2. ಶ್ರೀ ವ್ಲಾಯ್ಕೋವ್ ಅವರಿಗೆ, ನೆಲಮಾಳಿಗೆಯ ವಿಳಾಸಕ್ಕೆ.
3. ಶ್ರೀಮತಿ ಪೆನ್ಕಾ ಅವರಿಗೆ, ಬೇಬಾಕಿ ಪತ್ರ ಸಹಿತ. ಕೋಸು ಹದಕ್ಕೆ ಬರುವವರೆಗೆ ನಿವೃತ್ತರಾಗಬಾರದೆಂದು ಸಮಸ್ತ ಸಿಬ್ಬಂದಿಯ ಕೈಮುಗಿದ ಕೋರಿಕೆ.